ಹೆಚ್ಚಾದ ತಟ್ಟೆಯಲ್ಲಿ ನಮಗೆಷ್ಟು?

"ಅಕ್ಕಾ, ತಟ್ಟೆ ಜಾಸ್ತಿ ಆಯ್ತಲ್ಲ, ಅದರಲ್ಲಿ ನಮಗೆಷ್ಟು?"

2024ರ ಅಕ್ಟೋಬರ್. ಅಡಿಕೆ ಹಾಳೆ ತೊಳೆಯುವ ತೊಟ್ಟಿಯ ಹತ್ತಿರ ನಿಂತು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಹೀಗೆ ಕೇಳಿದರು. ಅವರು ನನ್ನನ್ನು ಅಕ್ಕ ಎನ್ನುತ್ತಾರೆ, ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಜಗಳದ ದನಿ ಇರಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಬೈರಾಸಿನಲ್ಲಿ ಕೈ ಒರೆಸಿಕೊಳ್ಳುತ್ತಾ, ಪೇಟೆಯಲ್ಲಿ ಬೆಂಡೆಕಾಯಿಗೆ ಎಷ್ಟು ಎಂದು ಕೇಳಿದ ಹಾಗೆ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ನಮ್ಮದು ನೀರ್ಚಾಲು ಕಡೆಯ ಸಣ್ಣ ಹಾಳೆತಟ್ಟೆ ಘಟಕ. ಎರಡು ಪ್ರೆಸ್ಸು, ಒಂದೊಂದರಲ್ಲಿ ಐದು ಡೈ, ಅಂದರೆ ತಟ್ಟೆ ಒತ್ತುವ ಅಚ್ಚು. ಒಂಬತ್ತು ಜನ ಕೆಲಸಕ್ಕಿದ್ದಾರೆ, ಜೊತೆಗೆ ನಾನು ಮತ್ತು ನಮ್ಮವರು. ಕಾಸರಗೋಡಿನ ಈ ಮೂಡಣ ಭಾಗದಲ್ಲಿ ಅಡಿಕೆ ತೋಟ ಇಲ್ಲದ ಮನೆ ಕಡಿಮೆ. ಬೇಸಗೆಯಲ್ಲಿ ಸೋಗೆ ಬಿದ್ದಾಗ ಹಾಳೆ ಹೆಕ್ಕಿ, ಒಣಗಿಸಿ, ಕಟ್ಟು ಕಟ್ಟಿ ತಂದು ಕೊಡುತ್ತಾರೆ. ಒಂದು ಹಾಳೆಗೆ ನಮ್ಮಲ್ಲಿ 3 ರೂಪಾಯಿ. ಅದನ್ನು ನೀರಿನಲ್ಲಿ ನೆನೆಸಬೇಕು, ಬ್ರಷ್ ಹಾಕಿ ತೊಳೆಯಬೇಕು, ನೀರು ಬಸಿಯಬೇಕು, ಕಾದ ಡೈ ಒಳಗೆ ಒತ್ತಬೇಕು. ಆಮೇಲೆ ಅಂಚು ನೋಡಿ, ಒಣಗಿಸಿ, ಆರಿಸಿ, ಪ್ಯಾಕ್ ಮಾಡಬೇಕು.

ಅಕ್ಕ ಮಾಡಿದ್ದು ಇಷ್ಟೆ. ತೊಳೆದ ಹಾಳೆಗಳನ್ನು ನಾವು ಒಂದರ ಮೇಲೊಂದು ಮಲಗಿಸಿ ಇಡುತ್ತಿದ್ದೆವು. ಅಡಿಯ ಹಾಳೆಯಲ್ಲಿ ನೀರು ಹಾಗೇ ನಿಲ್ಲುತ್ತಿತ್ತು. ಅಂಥ ಹಾಳೆ ಡೈ ಮೇಲೆ ಹೋದರೆ ಹಬೆ ಏಳುತ್ತದೆ, ಒತ್ತಲು ಹೊತ್ತು ಜಾಸ್ತಿ ಬೇಕು, ಕೆಲವು ಸೀಳುತ್ತವೆ. ಅವರು ಗೋಡೆಗೆ ಎರಡು ಅಡಿಕೆ ಸಲಾಕೆ ಕಟ್ಟಿಸಿ ಹಾಳೆಯನ್ನು ನಿಲ್ಲಿಸಿ ಇಡಲು ಶುರು ಮಾಡಿದರು. ನೀರು ಕೆಳಗೆ ಇಳಿದು ಹೋಯಿತು. ದಿನಕ್ಕೆ 1,800 ತಟ್ಟೆ ಆಗುತ್ತಿದ್ದಲ್ಲಿ ಎರಡು ವಾರದೊಳಗೆ 1,950 ಆಯಿತು. ನಾನು ಖುಷಿಯಿಂದ ಎಲ್ಲರಿಗೂ ಹೇಳಿಕೊಂಡು ಬಂದೆ. ಆಗ ಬಂದದ್ದು ಆ ಪ್ರಶ್ನೆ.

ಹೆಚ್ಚು ಕೆಲಸಕ್ಕೆ ಹೆಚ್ಚು ಹಣ ಕೊಡುವುದು ನನಗೆ ತೀರಾ ಹೊಸದಲ್ಲ. ಒಮ್ಮೆ ಪೆಟ್ಟು ತಿಂದಿದ್ದೆ. ಎರಡು ವರ್ಷದ ಹಿಂದೆ ಪ್ರೆಸ್ಸಿನಲ್ಲಿ ಕೂರುವ ಮೂವರಿಗೆ, ಇಂತಿಷ್ಟಕ್ಕಿಂತ ಹೆಚ್ಚು ಒತ್ತಿದರೆ ತಟ್ಟೆಗಿಷ್ಟು ಎಂದು ಹೆಚ್ಚುವರಿ ಹಣ ಇಟ್ಟಿದ್ದೆ. ತಟ್ಟೆ ಏನೋ ರಾಶಿ ಬಿತ್ತು. ಆದರೆ ಅರೆಬರೆ ಒಣಗಿದ್ದೂ ಅದರಲ್ಲಿ ಸೇರಿತು. ಪ್ಯಾಕ್ ಮಾಡುವವರಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ, ಅವರು ಯಾಕೆ ತಡೆದು ನೋಡಬೇಕು? ದೊಡ್ಡ ಊರಿನ ಒಬ್ಬರು ವ್ಯಾಪಾರಿ ಒಂದು ಲೋಡನ್ನೇ ವಾಪಸು ಕಳಿಸಿದರು. ಕವರು ಬಿಚ್ಚಿದಾಗ ಬೂಷ್ಟು. ತೊಳೆಯುವವರಿಗೂ ಒತ್ತುವವರಿಗೂ ಆರು ತಿಂಗಳು ಸರಿಯಾಗಿ ಮಾತಿರಲಿಲ್ಲ. ತಪ್ಪು ಅವರದಲ್ಲ, ನನ್ನದು. ಒಂಬತ್ತು ಜನ ಸೇರಿ ಮಾಡುವ ತಟ್ಟೆಗೆ ಮೂವರನ್ನು ಮಾತ್ರ ಲೆಕ್ಕ ಹಿಡಿದಿದ್ದೆ.

ಈ ಸಲ ಓದಿಕೊಂಡೆ. ಅಮೆರಿಕದಲ್ಲಿ 1930ರ ದಶಕದ ಕಷ್ಟಕಾಲದಲ್ಲಿ ಜೋಸೆಫ್ ಸ್ಕ್ಯಾನ್ಲನ್ ಎಂಬವರು ಕೆಲಸದಲ್ಲಿ ಉಳಿದದ್ದನ್ನು ಎಲ್ಲರೂ ಹಂಚಿಕೊಳ್ಳುವ ಪದ್ಧತಿಯನ್ನು ಶುರು ಮಾಡಿದವರಂತೆ. ಅವರು ಮಾಲೀಕರಲ್ಲ, ಉಕ್ಕಿನ ಕಾರ್ಖಾನೆಯ ಕಾರ್ಮಿಕ ಸಂಘದ ಮನುಷ್ಯ. ಕೆಲಸದವರೇ ಉಪಾಯ ಹೇಳುವುದು, ಅದರಿಂದ ಉಳಿದದ್ದನ್ನು ಇಡೀ ಕಾರ್ಖಾನೆಯವರು ಹಂಚಿಕೊಳ್ಳುವುದು, ಕೆಟ್ಟ ತಿಂಗಳಿಗೆಂದು ಒಂದಷ್ಟು ಮೀಸಲು ತೆಗೆದಿಡುವುದು. ಆಮೇಲೆ 1970ರ ದಶಕದಲ್ಲಿ ಮಿಚೆಲ್ ಫೈನ್ ಎಂಬ ಇಂಜಿನಿಯರು ಇನ್ನೂ ಸರಳ ಲೆಕ್ಕ ತಂದರು, ಅದಕ್ಕೆ ಇಂಪ್ರೊಶೇರ್ ಎಂದು ಹೆಸರು. ಅದರಲ್ಲಿ ರೂಪಾಯಿ, ಲಾಭ, ಮಾರಾಟ ಏನೂ ಇಲ್ಲ. ಇಷ್ಟು ಮಾಲಿಗೆ ಮೊದಲು ಎಷ್ಟು ಗಂಟೆ ಬೇಕಿತ್ತು, ಈಗ ಎಷ್ಟು ಬೇಕು? ಉಳಿದ ಗಂಟೆಯಲ್ಲಿ ಅರ್ಧ ಕೆಲಸದವರಿಗೆ, ಅರ್ಧ ಕಂಪನಿಗೆ. ಇದು ನನಗೆ ಹಿಡಿಸಿತು. ತೊಟ್ಟಿಯ ಹತ್ತಿರ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ಲೆಕ್ಕ.

ರೈಲ್ವೆಯಲ್ಲಿರುವ ನಮ್ಮ ಸಂಬಂಧಿ ಒಬ್ಬನ ಹತ್ತಿರವೂ ಮಾತಾಡಿದೆ. ಅಲ್ಲಿ 1979-80ರಿಂದಲೇ ಉತ್ಪಾದಕತೆಗೆ ಜೋಡಿಸಿದ ಬೋನಸ್ ಇದೆ. ಈಗ ಸುಮಾರು ವರ್ಷಗಳಿಂದ ದಸರೆಗೆ ಮೊದಲು 78 ದಿನದ ಸಂಬಳ, ಹೆಚ್ಚೆಂದರೆ 17,951 ರೂಪಾಯಿ. "ಹಬ್ಬಕ್ಕೆ ದೊಡ್ಡ ಉಪಕಾರ. ಆದರೆ ನಾನು ಏನು ಮಾಡಿದ್ದಕ್ಕೆ ಅದು ಬಂತು ಅಂತ ಕೇಳಿದರೆ ಹೇಳಲಿಕ್ಕೆ ಗೊತ್ತಿಲ್ಲ ಅತ್ತಿಗೆ" ಎಂದ. ಅಷ್ಟು ದೊಡ್ಡ ವ್ಯವಸ್ಥೆಯಲ್ಲಿ ಅದು ಸಹಜ. ನಮ್ಮದು ಒಂಬತ್ತು ಜನರ ಶೆಡ್ಡು. ಇಲ್ಲಿ ಯಾವ ಉಪಾಯಕ್ಕೆ ಯಾವ ಹಣ ಬಂತು ಎಂದು ಎಲ್ಲರಿಗೂ ಕಾಣಬೇಕು ಎಂದು ಆಗಲೇ ಗಟ್ಟಿ ಮಾಡಿಕೊಂಡೆ.

ಕಾನೂನಿನ ವಿಷಯ ನಮ್ಮ ಲೆಕ್ಕಪತ್ರ ನೋಡುವವರಲ್ಲಿ ಕೇಳಿದೆ. ಆಗ ಜಾರಿಯಲ್ಲಿದ್ದದ್ದು 1965ರ ಬೋನಸ್ ಪಾವತಿ ಕಾಯ್ದೆ, ಅದು ಸಾಮಾನ್ಯವಾಗಿ 20 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆಗೆ. ಕಡಿಮೆ ಎಂದರೆ ಸಂಬಳದ 8.33 ಶೇಕಡ, ಹೆಚ್ಚೆಂದರೆ 20 ಶೇಕಡ. ಲಾಭದ ಬದಲು ಉತ್ಪಾದನೆಗೆ ಜೋಡಿಸಿದ ಬೋನಸ್ಸಿಗೆ ಒಪ್ಪಂದ ಮಾಡಿಕೊಳ್ಳಲೂ ಅದರಲ್ಲಿ ಅವಕಾಶ ಇತ್ತು. ನಮ್ಮಲ್ಲಿ ಒಂಬತ್ತೇ ಜನ, ಆದರೂ ಓಣಂ ಬೋನಸ್ ಕೊಡುವುದು ಮೊದಲಿಂದ ಇದೆ. ಈ ಲೆಕ್ಕ ಹೇಳಲು ಎಲ್ಲರನ್ನೂ ಕೂರಿಸಿದ ಸಭೆಯಲ್ಲಿ ಬಂದ ಮೊದಲ ಪ್ರಶ್ನೆಯೇ ಅದು. "ಇದು ಬಂದರೆ ಓಣಂದು ನಿಲ್ಲಿಸ್ತೀರಾ?" ಇಲ್ಲ ಎಂದೆ. ಬಾಯಲ್ಲಿ ಹೇಳಿದರೆ ಸಾಕಾಗದು ಎಂದರು. ಪುಸ್ತಕದ ಮೊದಲ ಪುಟದಲ್ಲಿ ಬರೆದು ಸಹಿ ಹಾಕಿದೆ.

ಆ ಸಭೆ ಮೂರು ಶನಿವಾರ ನಡೆಯಿತು. ಸಂಜೆ ನಾಲ್ಕಕ್ಕೆ ಪ್ರೆಸ್ಸು ಆರಿಸಿ, ಎಲ್ಲರೂ ಹಾಳೆ ಕಟ್ಟಿನ ಮೇಲೆ ಕೂತು, ಕಟ್ಟಂಚಾಯ ಕುಡಿಯುತ್ತಾ. ನಮ್ಮಲ್ಲಿ ಮನೆಮಾತು ಒಂದೇ ಅಲ್ಲ. ತುಳು, ಕನ್ನಡ, ಮಲಯಾಳ, ಮರಾಟಿ. ಅದಕ್ಕೇ ಕರಿಹಲಗೆಯಲ್ಲಿ ತಲೆಬರಹ ಕನ್ನಡ ಮಲಯಾಳ ಎರಡರಲ್ಲೂ ಬರೆದೆವು. ಅಂಕೆ ಎಲ್ಲರಿಗೂ ಒಂದೇ, ಅಲ್ವಾ?

ಅಡಿಲೆಕ್ಕ ಹಿಡಿಯುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಎಲ್ಲಿಂದ ಮೇಲೆ ಹೋದರೆ ಹೆಚ್ಚು ಎನ್ನಬೇಕು? ನಾನು ಅಕ್ಟೋಬರಿನ ಅಂಕೆ ಹಿಡಿಯೋಣ ಎಂದೆ. ಅಕ್ಕ ತಲೆ ಅಲ್ಲಾಡಿಸಿದರು. "ಹಾಳೆ ನಿಲ್ಲಿಸಿ ಇಟ್ಟದ್ದು ಅಕ್ಟೋಬರಿನಲ್ಲಿ. ಅದಕ್ಕಿಂತ ಹಿಂದಿನದು ಹಿಡಿಯಿರಿ." ಅವರು ಹೇಳಿದ್ದು ಸರಿ. ನಾನು ಹೇಳಿದ ಹಾಗೆ ಮಾಡಿದ್ದರೆ ಅವರ ಉಪಾಯವನ್ನು ಬಿಟ್ಟಿಯಾಗಿ ಬುಡಕ್ಕೆ ಹಾಕಿದಂತೆ ಆಗುತ್ತಿತ್ತು. 2023ರ ಅಕ್ಟೋಬರಿನಿಂದ 2024ರ ಸೆಪ್ಟೆಂಬರ್ ವರೆಗಿನ ಪುಸ್ತಕ ತೆಗೆದೆವು. ಬೇಸಗೆ ಚಳಿಗಾಲದ ತಿಂಗಳಲ್ಲಿ ಒಂಬತ್ತು ಜನ 1,800 ಗಂಟೆ ದುಡಿದರೆ ಸರಾಸರಿ 45,000 ಒಳ್ಳೆಯ ತಟ್ಟೆ. ಅಂದರೆ ನೂರು ತಟ್ಟೆಗೆ 4 ಗಂಟೆ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಎಲ್ಲವೂ ತೇವ, ಬಿಸಿಲಿಲ್ಲ. ಆಗ ನೂರಕ್ಕೆ 4.8 ಗಂಟೆ. ಆಟಿಯ ಮಳೆಗೂ ಸುಗ್ಗಿಯ ಬಿಸಿಲಿಗೂ ಒಂದೇ ಅಳತೆ ಹಿಡಿದರೆ ಅನ್ಯಾಯ. ಹಾಗಾಗಿ ಎರಡು ಅಡಿಲೆಕ್ಕ.

ಪ್ರೆಸ್ಸಿನ ಒಬ್ಬ ಅಣ್ಣ ಕೇಳಿದರು. "ನಾವು ಚಂದ ಮಾಡಿದರೆ ಮುಂದಿನ ವರ್ಷ ನೀವು ಅಡಿಲೆಕ್ಕ ಏರಿಸ್ತೀರಿ. ಮತ್ತೆ ನಮಗೆ ಏನು ಉಳೀತದೆ?" ಇದಕ್ಕೆ ಫೈನ್ ಅವರ ಲೆಕ್ಕದಲ್ಲೇ ಒಂದು ದಾರಿ ಇತ್ತು. ಅಡಿಲೆಕ್ಕ ಏರಿಸಬೇಕಾದರೆ ಕಂಪನಿ ಆ ಏರಿಕೆಯನ್ನು ಕೆಲಸದವರಿಂದ ಹಣ ಕೊಟ್ಟು ಕೊಂಡುಕೊಳ್ಳಬೇಕು. ನಾವೂ ಹಾಗೇ ಬರೆದೆವು. ಹೊಸ ಯಂತ್ರ ತಂದರೆ ಮಾತ್ರ ಲೆಕ್ಕ ಬದಲು, ಅದೂ ಎಲ್ಲರ ಎದುರಿಗೆ.

ಹಂಚುವುದು ಹೇಗೆ ಎಂಬಲ್ಲಿ ಮನಸ್ಸು ಮುರಿಯಿತು. ಪ್ರೆಸ್ಸಿನ ಮೂವರಿಗೆ ದಿನಕ್ಕೆ 640, ಉಳಿದ ಆರು ಜನಕ್ಕೆ 520. ಸಂಬಳಕ್ಕೆ ತಕ್ಕಂತೆ ಹಂಚಬೇಕು ಎಂದು ಪ್ರೆಸ್ಸಿನವರು. ದುಡಿದ ಗಂಟೆಗೆ ತಕ್ಕಂತೆ ಎಲ್ಲರಿಗೂ ಸಮ ಎಂದು ಉಳಿದವರು. ನಾನು ಎರಡನೆಯದಕ್ಕೆ ನಿಂತೆ. ಪ್ರೆಸ್ಸಿನ ಕೈಚಳಕಕ್ಕೆ ಹೆಚ್ಚಿನ ಸಂಬಳ ಆಗಲೇ ಇದೆ. ಉಪಾಯ ಬಂದದ್ದು ತೊಟ್ಟಿಯ ಕಡೆಯಿಂದ. ಒಬ್ಬರಿಗೆ ಇದು ಒಪ್ಪಿಗೆ ಆಗಲಿಲ್ಲ. ಜನವರಿಯಲ್ಲಿ ಬಿಟ್ಟು ಹೋದರು. ಒಳ್ಳೆಯ ಕೆಲಸಗಾರ. ಅವರ ಜಾಗಕ್ಕೆ ಪ್ಯಾಕಿಂಗಿನಲ್ಲಿದ್ದ ಒಬ್ಬಳು ತಂಗಿ ಪ್ರೆಸ್ಸು ಕಲಿತಳು, ಪ್ಯಾಕಿಂಗಿಗೆ ಹೊಸಬರನ್ನು ತೆಗೆದುಕೊಂಡೆವು. ಹೋದವರ ಬಗ್ಗೆ ಇವತ್ತಿಗೂ ನನಗೆ ಬೇಜಾರಿದೆ.

2024ರ ಡಿಸೆಂಬರ್ ಮೊದಲ ತಿಂಗಳು. 1,800 ಗಂಟೆಯಲ್ಲಿ 51,000 ಒಳ್ಳೆಯ ತಟ್ಟೆ. ಹಳೆಯ ಲೆಕ್ಕದಲ್ಲಿ ಅದಕ್ಕೆ 2,040 ಗಂಟೆ ಬೇಕಿತ್ತು. ಉಳಿದದ್ದು 240 ಗಂಟೆ, ಕೆಲಸದವರ ಪಾಲು 120. ಸರಾಸರಿ ಗಂಟೆಗೆ 70 ರೂಪಾಯಿಯಂತೆ 8,400. ಕಾಲು ಭಾಗ ಮೀಸಲಿಗೆ ಇಟ್ಟು 6,300 ಹಂಚಿದೆವು. ಗಂಟೆಗೆ ಮೂರೂವರೆ ರೂಪಾಯಿ. ತಿಂಗಳು ಪೂರ್ತಿ ಬಂದವರಿಗೆ 700. ಲಕೋಟೆಯಲ್ಲಿ ಹಾಕಿ, ಸಂಬಳದಿಂದ ಬೇರೆಯಾಗಿಯೇ ಕೊಟ್ಟೆ. ಇದು ಮುಖ್ಯ ಎಂದು ನನಗೆ ಅನ್ನಿಸುತ್ತದೆ. ಸಂಬಳದಲ್ಲಿ ಸೇರಿಸಿದರೆ ಮೂರು ತಿಂಗಳಲ್ಲಿ ಅದು ಯಾವುದರ ಹಣ ಎಂದು ಯಾರಿಗೂ ನೆನಪಿರುವುದಿಲ್ಲ.

ಮಾರನೆ ದಿನ ಗೋಡೌನಿಗೆ ಹೋದವಳಿಗೆ ಎದೆ ಧಸಕ್ಕೆಂದಿತು. ಹಾಳೆ ಕಟ್ಟು ಕರಗಿಹೋಗಿತ್ತು. ಮೊದಲು ನೂರು ಹಾಳೆಗೆ ದೊಡ್ಡದು ಚಿಕ್ಕದು ಸೇರಿ 125 ತಟ್ಟೆ ಬರುತ್ತಿತ್ತು. ಡಿಸೆಂಬರಿನಲ್ಲಿ 117. ಬೇಗ ಬೇಗ ಎಂದು ದೊಡ್ಡ ತಟ್ಟೆ ಒತ್ತಿ, ಉಳಿದ ತುಂಡಿನಲ್ಲಿ ಚಿಕ್ಕ ಬಟ್ಟಲು ಬರುವುದನ್ನು ಬಿಟ್ಟು ಎಸೆದಿದ್ದರು. 40,800 ಹಾಳೆ ಸಾಕಿದ್ದಲ್ಲಿ 43,600 ಹೋಗಿತ್ತು. 2,800 ಹಾಳೆ, 8,400 ರೂಪಾಯಿ. ಉಳಿಕೆಯಲ್ಲಿ ನನ್ನ ಪಾಲಿಗೆ ಬಂದದ್ದೂ ಅಷ್ಟೇ! ನಮ್ಮವರು ಏನೂ ಹೇಳಲಿಲ್ಲ, ಪುಸ್ತಕ ಮುಚ್ಚಿ ಎದ್ದು ಹೋದರು.

ಕೊಟ್ಟ ಹಣ ಕೊಟ್ಟಾಯಿತು. ಅದರಲ್ಲಿ ಒಂದು ಪೈಸೆ ವಾಪಸು ಕೇಳಲಿಲ್ಲ, ಮುಂದಿನ ತಿಂಗಳಲ್ಲಿ ಹಿಡಿಯಲೂ ಇಲ್ಲ. ಅವರು ನಾನು ಹೇಳಿದ ಅಳತೆಗೇ ದುಡಿದಿದ್ದರು. ನಾನು ಗಂಟೆ ಅಳೆದೆ, ಅವರು ಗಂಟೆ ಉಳಿಸಿದರು. ಶನಿವಾರ ಎಸೆದ ತುಂಡುಗಳನ್ನು ಬುಟ್ಟಿಯಲ್ಲಿ ತಂದು ನಡುವೆ ಇಟ್ಟೆ. ಮಾತಾಡುವುದಕ್ಕಿಂತ ಅದೇ ಚೆನ್ನಾಗಿ ತಿಳಿಯಿತು. ಹಾಳೆಯ ಉಳಿತಾಯವನ್ನೂ ಲೆಕ್ಕಕ್ಕೆ ಸೇರಿಸೋಣ ಎಂದೆವು. ನೂರಕ್ಕೆ 125 ಅಡಿಲೆಕ್ಕ. ಅದಕ್ಕಿಂತ ಕಡಿಮೆ ಹಾಳೆ ಸುರಿದರೆ ಉಳಿದದ್ದರಲ್ಲಿ ಅರ್ಧ ಅವರಿಗೆ, ಜಾಸ್ತಿ ಸುರಿದರೆ ಗಂಟೆಯ ಉಳಿಕೆಯಿಂದ ಕಳೆಯುವುದು. ವಾಪಸು ಬಂದ ತಟ್ಟೆಯನ್ನು ಆ ತಿಂಗಳ ಒಳ್ಳೆಯ ತಟ್ಟೆಯಿಂದ ಕಳೆಯುವುದು.

ಆಮೇಲೆ ನಡೆದದ್ದನ್ನು ನೋಡುವುದೇ ಒಂದು ಸಂತೋಷ. ತೊಟ್ಟಿಯವರು ಹಾಳೆಯನ್ನು ನೆನೆಸುವ ಮೊದಲೇ ದಪ್ಪ, ತೆಳು ಎಂದು ಬೇರೆ ಮಾಡತೊಡಗಿದರು. ತೆಳು ಹಾಳೆ ಜಾಸ್ತಿ ನೆನೆದರೆ ಒತ್ತುವಾಗ ಹರಿಯುತ್ತದೆ, ದಪ್ಪದ್ದು ಕಡಿಮೆ ನೆನೆದರೆ ಬಿರಿಯುತ್ತದೆ. ಇದು ಅವರಿಗೆ ಯಾವತ್ತೋ ಗೊತ್ತಿತ್ತು. ನಾವು ಕೇಳಿರಲಿಲ್ಲ. ಪ್ಯಾಕಿಂಗಿನವರು ತಟ್ಟೆಯನ್ನು ಬೆರಳಿನಿಂದ ತಟ್ಟಿ ಕಿವಿಯ ಹತ್ತಿರ ಹಿಡಿದು ಕೇಳುತ್ತಾರೆ. ಒಣಗಿದ್ದರೆ ಟಣ್ ಎನ್ನುತ್ತದೆ, ಹಸಿ ಇದ್ದರೆ ಮಂದ ದನಿ. ಮಂದ ದನಿಯದ್ದನ್ನು ಈಗ ಪ್ರೆಸ್ಸಿನವರೇ ಬಂದು ಬಿಸಿಲಿಗೆ ಹರಡುತ್ತಾರೆ. ಇನ್ನೊಂದು ಉಪಾಯ ಊಟದ್ದು. ಒಂದು ಗಂಟೆಗೆ ಎಲ್ಲರೂ ಒಟ್ಟಿಗೆ ಊಟಕ್ಕೆ ಹೋದರೆ ಡೈ ತಣಿಯುತ್ತದೆ ಅಥವಾ ಸುಮ್ನೆ ಕಾಯುತ್ತಾ ಕರೆಂಟು ತಿನ್ನುತ್ತದೆ. ಈಗ ಅರ್ಧ ಜನ ಮೊದಲು, ಅರ್ಧ ಜನ ಆಮೇಲೆ, ಒಂದು ಪ್ರೆಸ್ಸು ನಡೆಯುತ್ತಲೇ ಇರುತ್ತದೆ.

ಫೆಬ್ರವರಿಯಲ್ಲಿ ತಟ್ಟೆ 50,000, ಡಿಸೆಂಬರಿಗಿಂತ ಸಾವಿರ ಕಡಿಮೆ. ಉಳಿದ ಗಂಟೆ 200, ಅಂದರೆ 14,000 ರೂಪಾಯಿ. ಹಾಳೆ 40,000 ಬೇಕಿದ್ದಲ್ಲಿ 38,000 ಸಾಕಾಯಿತು, ಅಲ್ಲಿ 6,000. ಒಟ್ಟು 20,000ದಲ್ಲಿ ಅರ್ಧ ಅವರದು. ಮೀಸಲು ತೆಗೆದು ಕೈಗೆ ಬಂದದ್ದು ತಲಾ 833. ತಟ್ಟೆ ಕಡಿಮೆ, ಹಣ ಜಾಸ್ತಿ. ಹಲಗೆಯ ಎದುರು ನಿಂತು ತಂಗಿ ಒಬ್ಬಳು ಎರಡು ಸಲ ಕೂಡಿಸಿ ನೋಡಿದಳು. ಏಪ್ರಿಲ್ ತಿಂಗಳ ಬಿಸು ಹಬ್ಬಕ್ಕೆ ಮೊದಲು ಮೀಸಲು ಒಡೆದೆವು. ನಾಲ್ಕು ತಿಂಗಳದ್ದು 9,000, ತಲಾ ಹೆಚ್ಚುಕಡಿಮೆ ಸಾವಿರ. ಆ ವರ್ಷ ಬಿಸುಕಣಿಗೆ ಇಡಲು ಹೊಸ ಸೀರೆ ತಂದೆ ಎಂದು ಅಕ್ಕ ತೋರಿಸಿದರು.

ನಿಜವಾದ ಪರೀಕ್ಷೆ 2025ರ ಮೇ ತಿಂಗಳಲ್ಲಿ. ಹಾಳೆಯಲ್ಲಿರುವ ಅಡಿಕೆಯ ಅಂಶ ಆಹಾರಕ್ಕೆ ಸೇರಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಾಳೆತಟ್ಟೆಯ ಆಮದಿಗೆ ತಡೆ ಹಾಕಿತು. ನಮ್ಮ ಮಾಲಿನಲ್ಲಿ ಒಂದು ಪಾಲು ರಫ್ತು ಮಾಡುವವರ ಕೈಗೆ ಹೋಗುತ್ತಿತ್ತು. ಅದು ನಿಂತಿತು. ದೊಡ್ಡ ತಟ್ಟೆ ಗೋಡೌನಿನಲ್ಲಿ ಅಟ್ಟಿ ಕಟ್ಟಿ ಉಳಿಯಿತು. ಕೆಲಸವನ್ನೇ ಇಪ್ಪತ್ತು ದಿನಕ್ಕೆ ಇಳಿಸಬೇಕಾಯಿತು. ಆದರೂ ಆ 1,440 ಗಂಟೆಯಲ್ಲಿ ಅವರು 39,000 ತಟ್ಟೆ ಮಾಡಿದ್ದರು. ಹಲಗೆಯ ಲೆಕ್ಕದಲ್ಲಿ 120 ಗಂಟೆ ಉಳಿಕೆ, 8,400 ರೂಪಾಯಿ. ಅವರ ಅರ್ಧ 4,200.

"ಈ ತಿಂಗಳು ನಮಗೇ ನಷ್ಟ. ಮುಂದೂಡು" ಎಂದರು ನಮ್ಮವರು. ರಾತ್ರಿ ನಿದ್ದೆ ಬರಲಿಲ್ಲ. ನಾವು ಹಂಚುತ್ತೇವೆ ಎಂದದ್ದು ಲಾಭವನ್ನಲ್ಲ. ಕೈಕೆಲಸದಲ್ಲಿ ಉಳಿದದ್ದನ್ನು. ಲಾಭದಲ್ಲಿ ಪಾಲು ಎಂದಿದ್ದರೆ ಮಾರುಕಟ್ಟೆ ಬಿದ್ದಾಗ ಕೊಡದೆ ಇರಬಹುದಿತ್ತು, ಮಾರುಕಟ್ಟೆ ಎದ್ದಾಗ ಏನೂ ಮಾಡದೆಯೂ ಕೊಡಬೇಕಿತ್ತು. ಅಮೆರಿಕದವರು ಏನು ತೀರ್ಮಾನಿಸುತ್ತಾರೆ ಎಂಬುದು ತೊಟ್ಟಿಯಲ್ಲಿ ಹಾಳೆ ತೊಳೆಯುವವರ ಕೈಯಲ್ಲಿಲ್ಲ. ಲಕೋಟೆ ಕೊಟ್ಟೆ. ಮೀಸಲು ಕಳೆದು ತಲಾ 350. ಕೊಡುವಾಗ ಗೋಡೌನಿನ ಸ್ಥಿತಿಯನ್ನೂ ಬಿಡಿಸಿ ಹೇಳಿದೆ. ಅಂದಿನಿಂದ ಯಾವ ಅಳತೆಯ ತಟ್ಟೆ ಎಷ್ಟು ಮಾಡಬೇಕು ಎಂಬುದನ್ನು ಶನಿವಾರದ ಚಾಯದ ಹೊತ್ತಿಗೆ ಆರ್ಡರು ನೋಡಿ ಎಲ್ಲರೂ ಸೇರಿ ತೀರ್ಮಾನಿಸುತ್ತೇವೆ. ಊರಿನ ಮದುವೆ, ಬ್ರಹ್ಮಕಲಶ, ಕ್ಯಾಟರಿಂಗಿನವರು, ಮಂಗಳೂರಿನ ಅಂಗಡಿಗಳು. ಅರ್ಧಕ್ಕರ್ಧ ಆರ್ಡರು ಈಗ ಕೆಲಸದವರ ನೆಂಟರಿಷ್ಟರ ಮೂಲಕವೇ ಬರುತ್ತಿದೆ.

ಜುಲೈಯಲ್ಲಿ ಮಳೆ ಬಿಡಲಿಲ್ಲ. ಮರ ಬಿದ್ದು ತಂತಿ ಕಡಿದು ಮೂರು ದಿನ ಅರ್ಧರ್ಧ ಹೊತ್ತು ಕರೆಂಟಿಲ್ಲ. ಡೈ ತಣ್ಣಗೆ, ಎಲ್ಲರೂ ಶೆಡ್ಡಿನಲ್ಲಿ ಕೂತು ಮಳೆ ನೋಡಿದರು. ತಿಂಗಳ ಕೊನೆಗೆ 1,600 ಗಂಟೆ, 31,000 ತಟ್ಟೆ. ಮಳೆಗಾಲದ ಅಡಿಲೆಕ್ಕದಲ್ಲಿ ಅದು 1,488 ಗಂಟೆಯ ಕೆಲಸ. 112 ಗಂಟೆ ಕಡಿಮೆ. ನಿಯಮದ ಪ್ರಕಾರ ಅದರ ಅರ್ಧ, 3,920 ರೂಪಾಯಿ ಮೀಸಲಿನಿಂದ ಹೋಗಬೇಕು. ಮೀಸಲಿನಲ್ಲಿ ಇದ್ದದ್ದೇ 5,100. ನಾನು ಬಳಪ ಹಿಡಿದು ಬರೆಯಲು ಹೊರಟೆ.

"ಅಕ್ಕಾ, ಒಂದು ನಿಮಿಷ." ಅದೇ ದನಿ, ಅದೇ ಬೈರಾಸು. "ಮೇ ತಿಂಗಳಲ್ಲಿ ನೀವೇ ಹೇಳಿದಿರಿ, ಮಾರಾಟ ನಮ್ಮ ಕೈಯಲ್ಲಿ ಇಲ್ಲ ಅಂತ. ಕರೆಂಟು ನಮ್ಮ ಕೈಯಲ್ಲಿ ಉಂಟಾ?"

ಮೂರು ದಿನ, ನಾಲ್ಕು ನಾಲ್ಕು ಗಂಟೆ, ಒಂಬತ್ತು ಜನ. 108 ಗಂಟೆ. ಆ ಹೊತ್ತಿನ ಸಂಬಳ 7,560 ಪೂರ್ತಿ ನನ್ನ ಮೇಲೆ ಬಂತು. ಅದು ಭಾರವೇ. ಆದರೆ ಮಾತು ನ್ಯಾಯದ್ದು. ಅರ್ಧ ಗಂಟೆಗಿಂತ ಹೆಚ್ಚು ಕರೆಂಟು ಹೋದರೆ ಆ ಹೊತ್ತನ್ನು ಲೆಕ್ಕದಿಂದ ಬಿಡಬೇಕು ಎಂದು ಪುಸ್ತಕದಲ್ಲಿ ಹೊಸ ಸಾಲು ಸೇರಿತು. ಬಳಪ ಅಕ್ಕನ ಕೈಗೆ ಕೊಟ್ಟೆ. ಅವರು ಹಲಗೆಯಲ್ಲಿ ಜುಲೈಯ ಎದುರು 'ಕಡಿಮೆ 4' ಎಂದು ಬರೆದರು. ಅದರ ಅರ್ಧ 140 ರೂಪಾಯಿ ಮೀಸಲಿನಿಂದ ಕಳೆದು ಕೆಳಗೆ 4,960 ಎಂದು ಬರೆದು ಗೆರೆ ಎಳೆದರು.

ಈಗ ಅವರ ಹೊಸ ಕೇಳಿಕೆ ಕರೆಂಟಿನದ್ದು. ಊಟದ ಹೊತ್ತು ಹಂಚಿಕೊಂಡದ್ದರಿಂದ ಮೀಟರಿನಲ್ಲಿ ಎಷ್ಟು ಯೂನಿಟು ಉಳಿಯಿತು, ಅದು ಹಲಗೆಗೆ ಯಾಕೆ ಬಂದಿಲ್ಲ ಎಂದು ಕೇಳಿದ್ದಾರೆ. ಅಡಿಲೆಕ್ಕಕ್ಕೆ ಹಿಂದಿನ ಹನ್ನೆರಡು ತಿಂಗಳ ಬಿಲ್ಲು ಬೇಕು. ಹತ್ತು ಸಿಕ್ಕಿವೆ. ಇನ್ನೆರಡನ್ನು ಶನಿವಾರದೊಳಗೆ ಹುಡುಕಬೇಕು.